ಕೋಲಿನೊಳಗಿನ ಮಳೆ

ನಂದಿನಿ, ಚರಣ, ಬಾಗಿಲ ಹಿಂದಿನ ಉದ್ದನೆಯ ಕೋಲು ಹಿಡಿದು ನೀವಿಬ್ಬರೂ ಯುದ್ಧ ಆಡುವಾಗೆಲ್ಲ ನಾನು ಓಡಿ ಬಂದು ಕಿತ್ತುಕೊಳ್ಳುತ್ತಿದ್ದೆ. ಯಾಕೆಂದು ಹೇಳಿರಲಿಲ್ಲ. ಎದುರಿಗೆ ಕೂತು ಹೇಳಲು ನನಗೆ ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕೋಲು ಮಾಡಿದವರು ಶಿವಮೊಗ್ಗದ ಕರೀಂ ಸಾಬರು. ಅವರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಕಿವಿ. ಮರದ ಪುಡಿ ಕೂತು ಬೆಳ್ಳಗಾದ ದೊಡ್ಡ ಕಿವಿ. ಯಾವ ಕೋಲು ಕೈಗೆ ಬಂದರೂ ಅದರ ತುದಿಯನ್ನು ಕಿವಿಗೆ ಒತ್ತಿ, ನಡುವೆ ಬೆರಳ ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆಮೇಲೆ, "ಇನ್ನೂ ಮಳೆ ಇದೆ ಇದರಲ್ಲಿ" ಎಂದು ಗೋಡೆಗೆ ಒರಗಿಸುತ್ತಿದ್ದರು. ಹಸಿ ಆರದ ಮರ ಎಂದು ಅದರ ಅರ್ಥ. ಅವರ ಅಂಗಡಿಯ ಗೋಡೆಗೆ ಅಂಥ ಹತ್ತಾರು ಕೋಲುಗಳು ಒರಗಿ ನಿದ್ದೆ ಮಾಡುತ್ತಿದ್ದವು. ಮಂಚದ ಕಾಲು, ತೊಟ್ಟಿಲಿನ ಗುಂಡು ಕಡೆಯುವುದು ಅವರ ಹೊಟ್ಟೆಪಾಡು. ಸ್ನೂಕರ್ ಕೋಲು ಅವರ ಹುಚ್ಚು.

ನಿಮ್ಮ ಅಜ್ಜನಿಗೆ ಆ ಆಟದ ಹುಚ್ಚು. ಆಗ ನಾವು ಭದ್ರಾವತಿಯಲ್ಲಿದ್ದೆವು. ಭಾನುವಾರ ಬಂತೆಂದರೆ ಇಸ್ತ್ರಿ ಅಂಗಿ ತೊಟ್ಟು ಕ್ಲಬ್ಬಿಗೆ ಹೋಗುವರು. ಬಂದು, ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಕೆಂಪು ಚೆಂಡು ಹೇಗೆ ಉರುಳಿ ಮೂಲೆಯ ಕುಳಿಗೆ ಬಿತ್ತೆಂದು ನನಗೆ ತಟ್ಟೆಯಲ್ಲಿ ಹುರುಳಿಕಾಳು ಇಟ್ಟು ತೋರಿಸುವರು. ಒಂದು ವರ್ಷ ಹೊಳೆಹೊನ್ನೂರಿನಲ್ಲಿ ಅವರ ಅಣ್ಣನ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈ ಸಿಕ್ಕಿಕೊಂಡಿತು. ಕಿರುಬೆರಳು, ಉಂಗುರಬೆರಳು ಹೋದವು. ಬರೆಯಲು ತೊಂದರೆಯಾಗಲಿಲ್ಲ, ಊಟಕ್ಕೂ ಆಗಲಿಲ್ಲ. ಆದರೆ ಕ್ಲಬ್ಬಿನ ಕೋಲು ಹಿಡಿದರೆ ಕೈಯೊಳಗೆ ತಿರುಗಿ ಹೋಗುತ್ತಿತ್ತು. ಎರಡು ಭಾನುವಾರ ನೋಡಿದರು. ಮೂರನೆಯ ಭಾನುವಾರ ಹೋಗಲಿಲ್ಲ. ಕೈಮೇಲೆ ಟವೆಲ್ ಹೊದಿಸಿಕೊಂಡು ಜಗುಲಿಯಲ್ಲಿ ಕೂತರು. ಮಾತು ಕಡಿಮೆಯಾಯಿತು, ನಗು ನಿಂತೇಹೋಯಿತು. ವರ್ಷದ ಹತ್ತಿರ ಹಾಗೇ ಕಳೆಯಿತು. ಆ ಮನುಷ್ಯ ನನಗೆ ಇನ್ನು ಸಿಗುವುದಿಲ್ಲವೋ ಏನೋ ಎಂದು ಒಲೆ ಮುಂದೆ ಕೂತು ಹೆದರುತ್ತಿದ್ದೆ.

ತನ್ನದೇ ಅಂತ ಒಂದು ಕೋಲು ಮಾಡಿಸಿದರೆ ಹೇಗೆ ಎಂದು ಒಂದು ದಿನ ತಾವಾಗಿಯೇ ಅಂದರು. ಮಾಡುವವರು ಇಬ್ಬರಿದ್ದರು. ಭದ್ರಾವತಿಯಲ್ಲಿ ಷಣ್ಮುಗಂ ಮೇಸ್ತ್ರಿ, ಶಿವಮೊಗ್ಗದಲ್ಲಿ ಸಾಬರು. ಮೇಸ್ತ್ರಿಯ ಕೋಲು ಎಂದರೆ ದಾರ ಎಳೆದ ಹಾಗೆ ನೇರ, ಕನ್ನಡಿಯ ಹಾಗೆ ಹೊಳಪು. ಕ್ಲಬ್ಬಿನ ದೊಡ್ಡವರ ಕೈಯಲ್ಲೆಲ್ಲ ಅದೇ. "ಹೈಟ್ ಎಷ್ಟು ಸಾರ್? ಎಂಟು ದಿನ ಸಾಕು" ಅಂದರು ಮೇಸ್ತ್ರಿ. ನಾವಿಬ್ಬರೂ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದರೆ ಸಾಬರು ಎತ್ತರ ಕೇಳಲೇ ಇಲ್ಲ.

"ಕೈ ತೋರಿಸಿ, ರಾಯರೆ."

ಇವರು ಟವೆಲ್ ಸರಿಸಲಿಲ್ಲ. ಸಾಬರು ಬಲವಂತ ಮಾಡಲಿಲ್ಲ.

"ಆಯ್ತು. ಕೈ ಯಾವಾಗ ಬರುತ್ತೋ ಆವಾಗ ಬರ್ಲಿ. ಕೋಲಿಗೇನು ಜಲ್ದಿ ಇಲ್ಲ."

ತಿರುಗಿ ಬರುವಾಗ ತುಂಗೆಯ ಸೇತುವೆಯ ಹತ್ತಿರ ಇವರು ನಿಂತರು. "ನೀನೇ ಹೇಳು ಮಾರಾಯ್ತಿ, ಯಾರ ಹತ್ರ ತಗೊಳ್ಲಿ?"

ಮದುವೆಯಾಗಿ ಆರು ವರ್ಷಕ್ಕೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಕೆಳಗೆ ಹೊಳೆ ತೆಳ್ಳಗೆ ಹರಿಯುತ್ತಿತ್ತು, ಬಂಡೆಗಳ ಮೇಲೆ ಒಗೆದ ಸೀರೆಗಳು ಬಣ್ಣ ಬಣ್ಣವಾಗಿ ಹರಡಿದ್ದವು. ನಾನು ಅವನ್ನೇ ನೋಡುತ್ತಾ, "ಕೈ ಕೇಳಿದ್ರಲ್ಲ, ಅವರ ಹತ್ರ" ಅಂದೆ.

ಹೊಳಲೂರಿನಲ್ಲಿ, ನಮ್ಮ ತವರಿನಲ್ಲಿ, ನೇಗಿಲಿನ ಹಿಡಿ ಕೆತ್ತುವ ಮೊದಲು ಬಡಗಿ ಉಳುವವನ ಕೈಗೆ ಒಂದು ಮುದ್ದೆ ಹಸಿಮಣ್ಣು ಕೊಟ್ಟು ಹಿಸುಕಿಸುತ್ತಿದ್ದ. ಆ ಅಚ್ಚು ನೋಡಿ ಕೆತ್ತುವುದು. ಅದು ನೆನಪಾಯಿತು. ಮರುವಾರ ಮಧ್ಯಾಹ್ನ ಇವರು ಮಲಗಿದ್ದಾಗ, ಟವೆಲ್ ಜಾರಿದ ಕೈಯೊಳಗೆ ಮೆಲ್ಲಗೆ ಜೋಳದ ಹಿಟ್ಟಿನ ಮುದ್ದೆ ಇಟ್ಟೆ. ನಿದ್ದೆಯಲ್ಲೇ ಹಿಡಿದುಕೊಂಡರು. ಮನೆಯಲ್ಲಿ ಮಣ್ಣಿರಲಿಲ್ಲ, ಹಿಟ್ಟಾದರೇನು ಅಂದುಕೊಂಡಿದ್ದೆ. ಬಾಳೆ ಎಲೆಯಲ್ಲಿ ಸುತ್ತಿ, ಇವರನ್ನೂ ಹೊರಡಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಸಂತೆಯ ದಿನ. ಬಸ್ಸಿನಲ್ಲಿ ಯಾರೋ ದಪ್ಪನೆಯ ಹೆಂಗಸು ನನ್ನ ಮಡಿಲಲ್ಲಿದ್ದ ಎಲೆಯ ಗಂಟಿನ ಮೇಲೇ ಒರಗಿದಳು.

ಸಾಬರು ಎಲೆ ಬಿಚ್ಚಿದರು. ಬಹಳ ಹೊತ್ತು ನೋಡಿದರು.

"ಏನು ತಾಯಿ ಇದು?"

ನಾನು ಸೆರಗಿನ ಮರೆಯಿಂದ, "ಇವರ ಕೈ" ಅಂದೆ.

"ಯಾ ಅಲ್ಲಾ! ನಾನು ರೊಟ್ಟಿ ಅಂದ್ಕೊಂಡೆ. ಬುತ್ತಿ ತಂದಿದ್ದಾರೆ, ಚಟ್ನಿ ಮರೆತಿದ್ದಾರೆ ಅಂತ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದಲ್ಲಿ ಏನೋ ಸದ್ದಾಯಿತು. ನೋಡಿದರೆ ನಿಮ್ಮ ಅಜ್ಜ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒರೆಸಿಕೊಳ್ಳಲು ಟವೆಲ್ ಎತ್ತಿದರು. ಕೈ ಹೊರಗೆ ಬಂತು. ಸಾಬರು ಅದನ್ನು ನೋಡಿಯೂ ನೋಡದವರ ಹಾಗೆ ಹೊಳೆದಂಡೆಯ ಜೇಡಿಮಣ್ಣು ತಂದು ಆ ಮೂರು ಬೆರಳ ನಡುವೆ ಇಟ್ಟರು.

"ಹಿಡೀರಿ ರಾಯರೆ. ಹಿಟ್ಟು ಹೊಟ್ಟೆಗೆ, ಮಣ್ಣು ಕೈಗೆ."

ದೀಪಾವಳಿಗೆ ಬನ್ನಿ ಅಂದರು. ಆ ಮಳೆಗಾಲ ಎಷ್ಟು ಉದ್ದವಿತ್ತೆಂದರೆ! ಮೇಸ್ತ್ರಿಯ ಕೋಲಾಗಿದ್ದರೆ ಎಂದೋ ಬರುತ್ತಿತ್ತು, ನಾನೇ ಹಾಳು ಮಾಡಿದೆನೇನೋ ಎಂದು ಸೋರುವ ಹಂಚಿನ ಕೆಳಗೆ ಪಾತ್ರೆ ಇಡುತ್ತಾ ಯೋಚಿಸುತ್ತಿದ್ದೆ.

ಕೊನೆಗೂ ಬಂದ ಕೋಲು ಚೆಂದವಿರಲಿಲ್ಲ. ಮುಂಭಾಗ ತಡಸಲು ಮರ, ಹಿಡಿ ಬೀಟೆ. ಆ ಹಿಡಿ ದುಂಡಗಿಲ್ಲ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ, ಬೆರಳಿಲ್ಲದ ಜಾಗ ತುಂಬುವಂತೆ, ಉಬ್ಬು. ಇವರ ಮುಖ ಸಣ್ಣದಾಯಿತು. ಸಾಬರು ನನ್ನ ಕಡೆ ತಿರುಗಿ ಹೇಳಿದರು:

"ಕಣ್ಣಲ್ಲಿ ನೋಡ್ಬೇಡಿ ತಾಯಿ, ಕಿವೀಲಿ ನೋಡಿ. ಸರಿಯಾದ ಕೋಲಿಗೆ ಎರಡು ಸದ್ದು. ತಗಲಿದ್ದೊಂದು, ಬಿದ್ದದ್ದೊಂದು."

ಭಾನುವಾರ ನಾನೂ ಹೋದೆ. ಹೆಂಗಸರು ಒಳಗೆ ಹೋಗುವ ಪದ್ಧತಿ ಇರಲಿಲ್ಲ. ಕಿಟಕಿಯ ಹೊರಗೆ ಮರದ ಕೆಳಗೆ ಕೂತೆ. ಬಿಸಿಲು ಎಲೆಗಳ ಸಂದಿಯಿಂದ ಇಳಿದು ಮಡಿಲ ಮೇಲೆ ಚೆಂಡುಗಳ ಹಾಗೆ ಉರುಳಾಡುತ್ತಿತ್ತು. ಒಳಗೆ ಟಕ್ ಎಂದಿತು. ಆಮೇಲೆ ಏನೂ ಇಲ್ಲ. ಮತ್ತೆ ಟಕ್. ಏನೂ ಇಲ್ಲ. ಹೀಗೆ ಎಷ್ಟು ಸಲವೋ. ನಾನು ಕಣ್ಣು ಮುಚ್ಚಿದೆ. ಟಕ್. ತಡವಾಗಿ, ಬಾವಿಗೆ ಕಲ್ಲು ಬಿದ್ದ ಹಾಗೆ, ಇನ್ನೊಂದು ಸದ್ದು.

ಅಂದು ಸಂಜೆ ತಟ್ಟೆಗೆ ಹುರುಳಿಕಾಳು ಬಂತು.

ಕೆಲವು ವರ್ಷ ಕಳೆದು ಶಿವಮೊಗ್ಗಕ್ಕೆ ಹೋದಾಗ ಸಾಬರನ್ನು ಕಂಡೆವು. ಕೋಲು ಜೊತೆಗಿತ್ತು. ಆ ದೊಡ್ಡ ಕಿವಿಗಳಿಗೆ ಈಗ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಭ್ಯಾಸದಂತೆ ಕೋಲನ್ನು ಕಿವಿಗೆ ಒತ್ತಿ ತಟ್ಟಿದರು, ಇನ್ನೊಮ್ಮೆ ತಟ್ಟಿದರು, ನಕ್ಕು ನನ್ನ ಕೈಗೆ ಕೊಟ್ಟರು.

"ನೀವು ಕೇಳಿ ಹೇಳಿ ತಾಯಿ. ಮಳೆ ಇದೆಯಾ?"

ಬೀದಿಯ ಜನರ ಎದುರು ನಾನು ಕಿವಿಗೆ ಇಟ್ಟುಕೊಂಡೆ. ಜೀವನದಲ್ಲಿ ಮೊದಲ ಸಲ ಗಟ್ಟಿಯಾಗಿ, ಅವರಿಗೆ ಕೇಳಿಸುವಂತೆ ಕೂಗಿದೆ: "ಇಲ್ಲ ಸಾಬರೆ! ಪೂರಾ ಒಣಗಿದೆ!"

ಮುಂದಿನ ಸಲ ಹೋದಾಗ ಅಂಗಡಿಯ ಗೋಡೆ ಬರಿದಾಗಿತ್ತು. ಒರಗಿದ್ದ ಕೋಲುಗಳ ಗೆರೆ ಮಾತ್ರ ಸುಣ್ಣದ ಮೇಲೆ ಉಳಿದಿತ್ತು.

ನಿಮ್ಮ ಅಜ್ಜ ಹೋದ ಮೇಲೆ ಒಮ್ಮೊಮ್ಮೆ, ಯಾರೂ ಇಲ್ಲದಾಗ, ಆ ಕೋಲಿಗೆ ಕಿವಿ ಕೊಡುತ್ತೇನೆ. ಅದು ನಿಮಗಿರಲಿ, ಬೇಕಾದರೆ ಆಡಿ. ಈ ಹಾಳೆಗಳನ್ನು ಮಾತ್ರ ಮಳೆ ತಾಗದ ಕಡೆ ಇಡಿ, ಮಕ್ಕಳೇ.