ಎರಡು ನಟ್ಟಿನ ತೂಕ

ಬೊಮ್ಮಸಂದ್ರದಲ್ಲಿ ನನ್ನದೊಂದು ಸಣ್ಣ ತಗಡಿನ ಕೆಲಸದ ಶೆಡ್ಡಿದೆ. ಸ್ವಿಚ್ ಬೋರ್ಡಿನ ಪೆಟ್ಟಿಗೆ, ಮೀಟರ್ ಪೆಟ್ಟಿಗೆ, ಯಾರಾದರೂ ಕೇಳಿದರೆ ಕೋಳಿಗೂಡು, ಹೀಗೆ ಏನೇನೋ ಮಾಡಿಕೊಟ್ಟವಳು ನಾನು. ನಾನು ಮಾಡಿದ ಪೆಟ್ಟಿಗೆಯ ಬಾಗಿಲು ಸರಿಯಾಗಿ ಕೂರಲಿಲ್ಲ ಎಂದು ಯಾರೂ ವಾಪಸ್ ತಂದಿರಲಿಲ್ಲ. ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ಕೇಳಿ ಕೇಳಿ ಎದುರು ಶೆಡ್ಡಿನವರಿಗೆ ಬಾಯಿಪಾಠವಾಗಿತ್ತು.

ಮಳೆ ಕೈಕೊಟ್ಟ ವರ್ಷ ಒಬ್ಬಳು ಹುಡುಗಿ ಕೈಯಲ್ಲೊಂದು ಅಲ್ಯೂಮಿನಿಯಂ ಡಬ್ಬ ಹಿಡಿದು ಬಂದಳು. ಕಾಡಿನ ಸಣ್ಣ ಪ್ರಾಣಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳಂತೆ. ಬನ್ನೇರುಘಟ್ಟದ ಕಾಡಿನ ಅಂಚಿನಲ್ಲಿ ಸುಂಡಿಲಿ, ಮೂಗಿಲಿಗಳನ್ನು ಹಿಡಿದು, ತೂಗಿ, ಗುರುತು ಹಾಕಿ, ಹಾಗೇ ಬಿಟ್ಟುಬಿಡುವ ಕೆಲಸ. ಆ ಡಬ್ಬ ಹೊರದೇಶದ ಇಲಿಬೋನು. ಹಿಂದಿನ ವರ್ಷ ಅಂಥವನ್ನು ಎರವಲು ತಂದಿದ್ದಳು, ಈಗ ಸ್ವಂತಕ್ಕೆ ಅರವತ್ತು ಬೇಕಿತ್ತು.

‘ಬೆಟ್ಟ ಅಗೆದು ಇಲಿ ಹಿಡಿಯೋದು ಅಂತ ಗಾದೆ ಕೇಳಿದ್ದೆ ಕಣಮ್ಮ. ಅದನ್ನೂ ಕಾಲೇಜಲ್ಲಿ ಹೇಳ್ಕೊಡ್ತಾರೆ ಅಂತ ಗೊತ್ತಿರ್ಲಿಲ್ಲ’ ಎಂದೆ. ಅವಳು ಬೇಜಾರು ಮಾಡಿಕೊಳ್ಳದೆ ನಕ್ಕಳು.

ಬೋನಿನೊಳಗೆ ಒಂದು ತೆಳು ಪಟ್ಟಿ ಇರುತ್ತದೆ. ತಿನ್ನಲು ಒಳಗೆ ಹೋದ ಪ್ರಾಣಿ ಅದರ ಮೇಲೆ ಕಾಲಿಟ್ಟರೆ ಹಿಂದೆ ಬಾಗಿಲು ಮುಚ್ಚಿಕೊಳ್ಳಬೇಕು. ಎರವಲು ಬೋನುಗಳು ಗಾಳಿಗೇ ಮುಚ್ಚಿಕೊಂಡು ತುಂಬಾ ಕಾಡಿದ್ದವಂತೆ. ಹಾಗಾದರೆ ಎಷ್ಟು ತೂಕಕ್ಕೆ ಮುಚ್ಚಬೇಕು ಎಂದು ಕೇಳಿದೆ. ಅವಳು ಹಿಂದಿನ ವರ್ಷದ ಪುಸ್ತಕ ತೆಗೆದು ಅತಿ ಹಗುರವಾಗಿದ್ದ ಇಲಿಯ ತೂಕ ಹೇಳಿದಳು. ಎಂಟು ಎಂಎಂ ಬೋಲ್ಟಿನ ನಟ್ಟು ಎರಡು ಇಟ್ಟರೆ ಅದಕ್ಕಿಂತ ತುಸು ಕಡಿಮೆಯೇ. ಎರಡು ನಟ್ಟಿಗೆ ಬಾಗಿಲು ಬೀಳಬೇಕು, ಒಂದಕ್ಕೆ ಬೀಳಬಾರದು. ಹಾಗೆ ಹದ ಮಾಡಿ, ಬಾಗಿಲನ್ನು ಹಿಡಿದಿಡುವ ಪಟ್ಟಿಯ ಕೊಕ್ಕೆಗೆ ಆಮೇಲೆ ಯಾರೂ ಸಡಿಲಿಸದ ಹಾಗೆ ರಿವೆಟ್ ಹೊಡೆದುಬಿಟ್ಟೆ. ಗಾಳಿಗೆ ಮುಚ್ಚಬಾರದು ಎಂದದ್ದು ಅವಳು. ರಿವೆಟ್ ಹೊಡೆದದ್ದು ನನ್ನ ಜಾಣತನ.

ಎರಡು ತಿಂಗಳಿಗೆ ಅವಳು ಮತ್ತೆ ಬಂದಳು. ಮುಖ ಬಾಡಿತ್ತು. ಅವಳು ಬೋನಿಡುವ ಜಾಗಗಳು ಮೂರು. ಹಳ್ಳದ ಪಕ್ಕದ ಎರಡು ಜಾಗಗಳಲ್ಲಿ ಹಿಂದಿನಷ್ಟಲ್ಲದಿದ್ದರೂ ಒಂದಷ್ಟು ಸಿಕ್ಕಿದ್ದವು. ಬಂಡೆಗಳಿದ್ದ ಇಳಿಜಾರಿನಲ್ಲಿ ಮಾತ್ರ ಎರಡು ಸಲವೂ ಒಂದೇ ಒಂದು ಬಾಗಿಲು ಮುಚ್ಚಿರಲಿಲ್ಲ. ಮೂರನೇ ಸಲವೂ ಖಾಲಿಯಾದರೆ ಅಲ್ಲಿ ಪ್ರಾಣಿಗಳು ಉಳಿದಿಲ್ಲ ಎಂದು ಬರೆದು ಬೋನು ಎತ್ತಿಬಿಡು ಎಂದಿದ್ದರಂತೆ ಅವಳ ಗೈಡು. ಬೋನಿನಲ್ಲೇನಾದರೂ ತೊಂದರೆ ಇರಬಹುದಾ ಎಂದು ಮೆಲ್ಲಗೆ ಕೇಳಿದಳು.

ನನಗೆ ಪಿತ್ತ ನೆತ್ತಿಗೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಅವಳ ಕಣ್ಣು ತುಂಬಿತು. ನಾನೇ ಬಂದು ಇಟ್ಟು ತೋರಿಸುತ್ತೇನೆ ನಡಿ ಎಂದು, ನಟ್ಟಿನ ಡಬ್ಬಿ, ಅರ, ಕೈ ಡ್ರಿಲ್ಲು ಚೀಲಕ್ಕೆ ಹಾಕಿಕೊಂಡು ಜಿಗಣಿ ದಾಟಿ ಸ್ಕೂಟರ್ ಓಡಿಸಿದೆ.

ಮಳೆಯಿಲ್ಲದೆ ನಮಗೂ ಕಷ್ಟವಿತ್ತು. ಚಂದಾಪುರದಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬಂದರೆ ಸ್ನಾನ, ಇಲ್ಲವಾದರೆ ಇಲ್ಲ. ಆದರೂ ಹೋಟೆಲಿನ ಹಿಂದಿನ ಮೋರಿಯಲ್ಲಿ ಹೆಗ್ಗಣಗಳು ದುಂಡಗೆ ಓಡಾಡುತ್ತಿದ್ದವು. ಅವನ್ನು ನೋಡಿಕೊಂಡು ಬೆಳೆದವಳಿಗೆ ಇಲಿಗೂ ಬರ ಬರುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಕಾಡಿನ ಇಳಿಜಾರಿನಲ್ಲಿ ನಿಂತಾಗ ಗಾಬರಿಯಾಯಿತು. ಹುಲ್ಲು ಇತ್ತು, ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. ನಮ್ಮ ಜೊತೆ ಬಂದ ಅರಣ್ಯದ ವಾಚರ್, ಅಲ್ಲೇ ಪಕ್ಕದ ಊರಿನ ವಯಸ್ಸಾದ ಮನುಷ್ಯ, ಒಂದು ತೆನೆ ಕಿತ್ತು ಊದಿ ತೋರಿಸಿದ.

‘ಈ ಸಲ ಉಲ್ಲು ಬೀಜಾನೇ ಕಟ್ಲಿಲ್ಲ ಕಣಮ್ಮ. ಗೆದ್ದಲೂ ಮ್ಯಾಕೆ ಬರ್ಲಿಲ್ಲ. ಅವಾದ್ರೂ ಏನ್ ತಿಂದಾವು?’

ಸಂಜೆ ಇಪ್ಪತ್ತು ಬೋನುಗಳನ್ನು ನಾನೇ ಇಟ್ಟೆ. ಕಡಲೆಬೀಜ ಕುಟ್ಟಿ ರಾಗಿಹಿಟ್ಟಿನಲ್ಲಿ ಕಲಸಿದ ಉಂಡೆಯನ್ನು ಒಳಗಿಟ್ಟು, ಒಂದೊಂದನ್ನೂ ನಟ್ಟು ಹಾಕಿ ಪರೀಕ್ಷೆ ಮಾಡಿದೆ. ಬಾಗಿಲು ಟಪ್ಪೆಂದು ಬೀಳುತ್ತಿತ್ತು. ನೋಡಿದೆಯಾ ಎಂಬಂತೆ ಆ ಹುಡುಗಿಯ ಕಡೆ ತಿರುಗಿದ್ದು ಚೆನ್ನಾಗಿ ನೆನಪಿದೆ.

ಮರುದಿನ ಬೆಳಕು ಹರಿಯುವಾಗ ಹೋದೆವು. ಬಿಸಿಲೇರಿದರೆ ತಗಡು ಕಾದು ಒಳಗಿದ್ದದ್ದು ಸತ್ತೇ ಹೋಗುತ್ತದೆ, ಅದಕ್ಕೇ ಅಷ್ಟು ಬೇಗ. ಇಪ್ಪತ್ತಕ್ಕೆ ಇಪ್ಪತ್ತೂ ಬಾಗಿಲು ತೆರೆದೇ ಇದ್ದವು. ಬಗ್ಗಿ ನೋಡಿದೆ. ಆರೇಳು ಬೋನುಗಳಲ್ಲಿ ಉಂಡೆ ಇರಲಿಲ್ಲ. ಇರುವೆ ತಿಂದಿರಬೇಕು ಎಂದೆ. ಅವಳು ಒಂದು ಬೋನನ್ನು ನನ್ನ ಕೈಗೆ ಕೊಟ್ಟಳು. ಪಟ್ಟಿಯ ಮೇಲೆ, ನಟ್ಟನಡುವೆ, ಸಾಸಿವೆಗಿಂತ ಸ್ವಲ್ಪ ಉದ್ದನೆಯ ನಾಲ್ಕು ಹಿಕ್ಕೆಗಳಿದ್ದವು.

ಅಂದರೆ ಪ್ರಾಣಿ ಒಳಗೆ ಬಂದಿತ್ತು. ಪಟ್ಟಿಯ ಮೇಲೆ ನಿಂತಿತ್ತು. ಅಲ್ಲೇ ಕೂತು ಉಂಡೆ ಮುಗಿಸಿ ಹೊರಗೆ ಹೋಗಿತ್ತು. ನಾನು ಎರಡು ನಟ್ಟು ಇಟ್ಟೆ, ಬಾಗಿಲು ಬಿತ್ತು. ಒಂದನ್ನು ತೆಗೆದು ನೋಡಿದೆ, ಬೀಳಲಿಲ್ಲ. ಬೋನು ನಾನು ಹೇಳಿದ ಹಾಗೆಯೇ ಕೆಲಸ ಮಾಡುತ್ತಿತ್ತು.

‘ಮರಿಗಳಿರ್ಬೇಕು’ ಎಂದೆ.

‘ಹಳ್ಳದ ಹತ್ರಾನೂ ಒಂದೇ ಒಂದು ಮರಿ ಸಿಕ್ಕಿಲ್ಲ ಅಕ್ಕಾ ಈ ವರ್ಷ. ಮರಿ ಹಾಕೋಕೆ ತಾಯಿ ಮೈಯಲ್ಲಿ ಏನಾದ್ರೂ ಇರ್ಬೇಕಲ್ಲ. ಇವು ದೊಡ್ಡವೇ. ಹಗುರ ಆಗಿವೆ, ಅಷ್ಟೆ.’

ಹೊಟ್ಟೆ ತುಂಬಿದ ವರ್ಷದ ತೂಕ ಹಿಡಿದು ಹಸಿದ ವರ್ಷಕ್ಕೆ ಬೋನು ಮಾಡಿದ್ದೆ. ಇನ್ನೊಂದು ದಿನ ನನ್ನ ಹಟವೇ ನಡೆದಿದ್ದರೆ ಬದುಕಿರುವ ಜೀವಗಳು ಪುಸ್ತಕದಲ್ಲಿ ಇಲ್ಲವಾಗುತ್ತಿದ್ದವು, ಅದೂ ನನ್ನ ರಿವೆಟ್ಟಿನಿಂದ. ತಪ್ಪು ನಂದೇ ಕಣಮ್ಮ ಎಂದು ಅವಳಿಗೆ ಹೇಳಿದೆ. ಅವಳು ಅದನ್ನು ದೊಡ್ಡದು ಮಾಡಲಿಲ್ಲ, ಈಗ ಸರಿ ಮಾಡೋಕಾಗುತ್ತಾ ಎಂದಷ್ಟೇ ಕೇಳಿದಳು.

ಅಂದು ಶೆಡ್ಡಿಗೆ ಹೋಗಲಿಲ್ಲ. ಎಲೆಯಿಲ್ಲದ ಮರದ ಕೆಳಗೆ ವಾಚರ್ ತನ್ನ ಟವೆಲ್ ಕಟ್ಟಿ ಒಂದಿಷ್ಟು ನೆರಳು ಮಾಡಿಕೊಟ್ಟ. ಇಪ್ಪತ್ತು ರಿವೆಟ್ಟುಗಳನ್ನೂ ಕೊರೆದು ತೆಗೆದು, ಪಟ್ಟಿಯ ಕೊಕ್ಕೆಗಳನ್ನು ಅರದಿಂದ ಉಜ್ಜುತ್ತಾ ಕೂತೆ. ಒಂದು ನಟ್ಟಿಗೆ ಬಾಗಿಲು ಬೀಳುವವರೆಗೂ ಉಜ್ಜಬೇಕು, ಜಾಸ್ತಿ ಉಜ್ಜಿದರೆ ಗಾಳಿಗೇ ಬೀಳುತ್ತದೆ. ಜೀವಮಾನದಲ್ಲಿ ಅಷ್ಟು ಹುಷಾರಾಗಿ ಅರ ಹಿಡಿದವಳಲ್ಲ. ಹುಡುಗಿ ಪಕ್ಕದಲ್ಲಿ ಕೂತು ಹಿಡಿದುಕೊಡುತ್ತಿದ್ದಳು. ಮಧ್ಯೆ ಮಧ್ಯೆ ತನ್ನ ಬಾಟಲಿಯ ನೀರನ್ನು ನನಗೇ ಮೊದಲು ಕೊಟ್ಟಳು. ಬೈಸಿಕೊಂಡವಳು ಅವಳು, ನಾಚಿಕೆಯಾದದ್ದು ನನಗೆ.

ಮರುದಿನ ಬೆಳಗ್ಗೆ ನಾಲ್ಕು ಬಾಗಿಲು ಮುಚ್ಚಿದ್ದವು.

ಅವಳು ಪುಸ್ತಕದಲ್ಲಿ ಬಂಡೆಯ ಇಳಿಜಾರು ಎಂದು ಬರೆದು, ಮುಂದೆ ನಾಲ್ಕು ಎಂದು ಬರೆದಳು. ಒಂದೊಂದನ್ನೂ ಸಣ್ಣ ಬಟ್ಟೆಚೀಲಕ್ಕೆ ಇಳಿಸಿ ತಕ್ಕಡಿಯ ಕೊಕ್ಕೆಗೆ ನೇತುಹಾಕಿದರೆ ಮುಳ್ಳು ಸರಿದದ್ದೇ ಗೊತ್ತಾಗುತ್ತಿರಲಿಲ್ಲ. ಕೊನೆಯದು ಒಂದು ಹೆಣ್ಣು ಸುಂಡಿಲಿ. ಚರ್ಮದೊಳಗೆ ಬೆನ್ನುಮೂಳೆ ಒಂದೊಂದಾಗಿ ಕಾಣುತ್ತಿತ್ತು. ಶೆಡ್ಡಿನಲ್ಲಿ ಇಲಿಗೆ ಅಂಟು ಹಲಗೆ ಇಡುವವಳು ನಾನು.

ಗುರುತು ಹಾಕಿದ ಮೇಲೆ ಅವಳು ಅದನ್ನು ಬಂಡೆಯ ಸಂದಿನ ಬಳಿ ಬಿಟ್ಟಳು. ಬಿಟ್ಟ ಕೂಡಲೇ ಕಣ್ಣಿಗೆ ಕಾಣದ ಹಾಗೆ ಓಡಿಹೋಗುತ್ತವೆ ಎಂದು ಮೊದಲೇ ಹೇಳಿದ್ದಳು. ಇದು ಓಡಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕೂತು ಮೂಗಾಡಿಸಿತು. ಆಮೇಲೆ ತಿರುಗಿ, ನನ್ನ ಮಂಡಿಯ ಪಕ್ಕದಲ್ಲೇ ಹಾದು, ಈಗಷ್ಟೇ ಹೊರಬಂದಿದ್ದ, ಬಾಗಿಲು ತೆರೆದೇ ಇಟ್ಟಿದ್ದ ಬೋನಿನೊಳಗೆ ಮತ್ತೆ ಹೋಯಿತು. ಒಳಗೆ ಅರ್ಧ ಉಂಡೆ ಉಳಿದಿತ್ತು. ಬಾಗಿಲು ಬಿತ್ತು.

ಹುಡುಗಿ ತೆಗೆಯಲು ಕೈ ಚಾಚಿದಳು. ಬಿಸಿಲು ಬಂಡೆಯ ತುದಿಗೆ ಆಗಲೇ ಬಂದಿತ್ತು.

‘ತಿಂದು ಮುಗಿಸ್ಲಿ ಬಿಡಮ್ಮ’ ಎಂದೆ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಒಳಗೆ ಕಡಲೆಬೀಜ ಕಡಿಯುವ ಸದ್ದು ಸಣ್ಣಗೆ ಕೇಳುತ್ತಿತ್ತು. ತಗಡು ಕಾಯದಿರಲೆಂದು ನಾನು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಆ ಸದ್ದು ನಿಲ್ಲುವವರೆಗೂ ಹಾಗೇ ಕೂತಿದ್ದೆ.