ಎಸ್‌ಎಸ್‌ಡಿ ಮತ್ತು ಗಳಿಗೆ ಬಟ್ಟಲು

ನಮ್ಮ ಮನೆಯ ಕಂಪ್ಯೂಟರಿಗೆ ಬೆಳಿಗ್ಗೆ ಏಳುವುದೆಂದರೆ ನನ್ನಷ್ಟೇ ಕಷ್ಟವಾಗಿತ್ತು. ಗುಂಡಿ ಒತ್ತಿದರೆ ಮೊದಲು ಒಂದು ನಿಟ್ಟುಸಿರು, ಆಮೇಲೆ ಒಳಗೆಲ್ಲೋ ಯಾರೋ ಅಡಿಕೆ ಕತ್ತರಿಸುತ್ತಿರುವ ಹಾಗೆ ಕಟಕಟ ಸದ್ದು, ಕೊನೆಗೆ ಪರದೆಯ ನಡುವೆ ಒಂದು ಚಕ್ರ. ಚಕ್ರ ತಿರುಗಲು ಶುರುವಾಯಿತೆಂದರೆ ನಾನು ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಎರಡು ಲೋಟ ಕಾಫಿ, ಕಂಕುಳಲ್ಲಿ ಮಡಿಸಿದ ಪೇಪರು ಹಿಡಿದು ಬರುತ್ತಿದ್ದಳು. ಕಂಪ್ಯೂಟರು ಪೂರ್ತಿ ಎಚ್ಚರಾಗುವ ಹೊತ್ತಿಗೆ ಲೋಟ ಖಾಲಿಯಾಗಿರುತ್ತಿತ್ತು, ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಸೊಪ್ಪಿನ ಗಾಡಿ ಬಂದು ಹೋಗಿರುತ್ತಿತ್ತು. ಆ ಕಂಪ್ಯೂಟರು ನಿಧಾನವೆಂದು ನಾನು ಊರಿಗೆಲ್ಲ ದೂರುತ್ತಿದ್ದೆ. ಆದರೆ ಅದು ಬೇಗ ಏಳಬೇಕೆಂದು ನಿಜವಾಗಿ ನಾನು ಬಯಸಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಕಾರಣವಿದೆ. ನಾನು ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬದುಕು ಕಳೆದವನು. ಕೆಲಸ ರಾತ್ರಿಪಾಳಿಯದು. ನಾನು ಮನೆಗೆ ಬರುವಾಗ ಮನೆಯವರು ಮಲಗಿರುತ್ತಿದ್ದರು, ಮನೆಯವರು ಏಳುವಾಗ ನಾನು ಮಲಗಿರುತ್ತಿದ್ದೆ. ಯಾವ ಜಿಲ್ಲೆಯಲ್ಲಿ ಯಾವ ಸೇತುವೆ ಕುಸಿಯಿತು ಎಂಬುದು ನನಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ನಮ್ಮ ಮನೆಯ ಸ್ನಾನದ ಮನೆ ಸೋರುತ್ತಿದೆ ಎಂಬುದು ಎಲ್ಲರಿಗಿಂತ ಕೊನೆಗೆ. ಹಾಗಾಗಿ ನಿವೃತ್ತಿಯ ನಂತರ ಈ ಚಕ್ರ ತಿರುಗುವ ಹೊತ್ತಿನಲ್ಲಿ ಗಿರಿಜಾ ನನಗೆ ಮನೆಯ ಹಳೆಯ ಸಂಚಿಕೆಗಳನ್ನು ಓದಿ ಹೇಳತೊಡಗಿದಳು. ಮೊದಲು ಆ ದಿನದ ಪೇಪರಿನಲ್ಲಿ ಅಚ್ಚಿನ ತಪ್ಪು ಹುಡುಕಿ, "ನೋಡ್ರಿ, ನಿಮ್ಮವರು ಇವತ್ತು ಸಚಿವರನ್ನ ಉದ್ಘಾಟನೆ ಮಾಡಿದಾರೆ" ಎಂದು ನನ್ನನ್ನು ಕಟಕಟೆಗೆ ನಿಲ್ಲಿಸುತ್ತಿದ್ದಳು. ಆಮೇಲೆ ಮಾತು ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಮಗಳು ಶಾಲೆಯ ಮೊದಲ ದಿನ ಟೀಚರ ಸೆರಗು ಹಿಡಿದು ಬಿಡದೇ ಇದ್ದದ್ದು, ಬಸವನಗುಡಿಯ ಪಾರ್ಕಿನ ಉಯ್ಯಾಲೆಯಿಂದ ಬಿದ್ದದ್ದು, ಇವೆಲ್ಲ ನನಗೆ ಎಪ್ಪತ್ತರ ಹತ್ತಿರ ಬಂದಾಗ ತಾಜಾ ಸುದ್ದಿಗಳು.

ಇವುಗಳಲ್ಲಿ ಧಾರಾವಾಹಿಯಾಗಿ ಬರುತ್ತಿದ್ದದ್ದು ಮನೆ ಬದಲಿಸಿದ ಕಥೆ. ಆಗ ನಾವು ವೈಯಾಲಿಕಾವಲ್‌ನಲ್ಲಿ ಬಾಡಿಗೆಗೆ ಇದ್ದೆವು. ಚಾಮರಾಜಪೇಟೆಯ ಈ ಮಹಡಿ ಮನೆಗೆ ಬರಲು ಜೋಯಿಸರು ಕೊಟ್ಟ ಒಳ್ಳೆಯ ದಿನವೇ ಮತ ಎಣಿಕೆಯ ದಿನವಾಗಿತ್ತು. ಸುದ್ದಿಮನೆಯಲ್ಲಿ ಆ ದಿನ ಸತ್ತವರಿಗೆ ಮಾತ್ರ ರಜೆ. ಬೆಳಿಗ್ಗೆ ಒಂದು ಮನೆಯಿಂದ ಕೆಲಸಕ್ಕೆ ಹೋದವನು ರಾತ್ರಿ ಇನ್ನೊಂದು ಮನೆಗೆ ಬಂದೆ. ನನಗೆ ನೆನಪಿರುವುದು, ಹೊಸ ವಿಳಾಸ ಹೇಳಿದಾಗ ಆಫೀಸಿನ ವ್ಯಾನಿನ ಡ್ರೈವರು ನಕ್ಕದ್ದು ಮಾತ್ರ. ಲಾರಿ ತಂದದ್ದು, ಪಾತ್ರೆ ಕಟ್ಟಿದ್ದು, ಮಗುವನ್ನು ನೋಡಿಕೊಂಡದ್ದು ಎಲ್ಲ ಗಿರಿಜಾ. ಕಥೆ ಒಂದು ಬೆಳಿಗ್ಗೆ ಮುಖ್ಯ ಘಟ್ಟಕ್ಕೆ ಬಂದಿತ್ತು. ಅವಳ ತವರಿನವರು ಕೊಟ್ಟ ಕಬ್ಬಿಣದ ಬೀರು, ಈಗಲೂ ಕಂಪ್ಯೂಟರಿನ ಪಕ್ಕದಲ್ಲೇ ಆನೆಯಂತೆ ನಿಂತಿರುವುದು, ನಮ್ಮ ಇಕ್ಕಟ್ಟಿನ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಕ್ಕೂ ಬರದು, ಕೆಳಕ್ಕೂ ಇಳಿಯದು. ಮೇಲಿನ ಮೆಟ್ಟಿಲಲ್ಲಿ ಮಗುವನ್ನು ಎತ್ತಿಕೊಂಡು ಗಿರಿಜಾ, ಕೆಳಗೆ ಲಾರಿಯವನು, ನಡುವೆ ಬೀರು. ಅಷ್ಟು ಹೇಳುವಾಗ ಕಂಪ್ಯೂಟರು ಎಚ್ಚರಾಯಿತು. "ನಾಳೆ ಹೇಳ್ತೀನಿ, ಹೋಗಿ" ಎಂದಳು.

ಆ ನಾಳೆಯೇ ಕೈಕೊಟ್ಟದ್ದು. ನನ್ನ ಹಿಂದಿನ ಸಹೋದ್ಯೋಗಿ ಶ್ರೀಧರ ಈಗ ನಮ್ಮ ಬಡಾವಣೆಗಳಿಗೆಂದು ಒಂದು ಪುಟ್ಟ ವಾರಪತ್ರಿಕೆ ನಡೆಸುತ್ತಾನೆ. ಅದರಲ್ಲಿ ನನ್ನದೊಂದು ಅಂಕಣ. ಅದನ್ನು ಕಳಿಸಬೇಕಾಗಿದ್ದ ಆ ದಿನವೇ ಚಕ್ರ ತಿರುಗಿತು, ತಿರುಗಿತು, ನಿಲ್ಲಲೇ ಇಲ್ಲ. ಇಬ್ಬರೂ ಅದರ ಮುಂದೆ ನಿಂತೆವು; ಬೀರಿನ ಕಥೆ ಯಾರಿಗೂ ನೆನಪಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಕಣ್ಣು ಬಿಟ್ಟಾಗ ಪುಟ ಮುದ್ರಣಕ್ಕೆ ಹೋಗಿಯಾಗಿತ್ತು. ನನ್ನ ಅಂಕಣದ ಜಾಗದಲ್ಲಿ ಹಾಗಲಕಾಯಿ ಗೊಜ್ಜು ಮಾಡುವ ವಿಧಾನ ಅಚ್ಚಾಯಿತು. ತಡವಾಗಿ ಸುದ್ದಿ ಕೊಟ್ಟ ವರದಿಗಾರರನ್ನು ಜೀವನವಿಡೀ ಗದರಿದವನಿಗೆ ಇದು ತಕ್ಕದ್ದೇ.

"ಬೇಜಾರ್ ಮಾಡ್ಕೋಬೇಡಿ ಸಾರ್," ಎಂದ ಶ್ರೀಧರ ಫೋನಿನಲ್ಲಿ. "ಗೊಜ್ಜು ಚೆನ್ನಾಗಿತ್ತು ಅಂತ ತುಂಬಾ ಜನ ಫೋನ್ ಮಾಡಿದ್ರು."

"ನನ್ನ ಅಂಕಣಕ್ಕೆ ಯಾವತ್ತಾದ್ರೂ ಮಾಡಿದ್ರೇನಯ್ಯಾ?"

"ಅದಕ್ಕೇ ಹೇಳಿದ್ದು ಸಾರ್, ಬೇಜಾರ್ ಮಾಡ್ಕೋಬೇಡಿ ಅಂತ. ಒಂದು ಎಸ್‌ಎಸ್‌ಡಿ ಹಾಕ್ಸಿಬಿಡಿ. ಹೊಸ ಕಂಪ್ಯೂಟರೇ ಬೇಕಾಗಲ್ಲ."

ಹಳೆಯ ಹಾರ್ಡ್ ಡಿಸ್ಕ್ ಎಂದರೆ ಒಳಗೊಂದು ತಟ್ಟೆ ತಿರುಗುತ್ತದೆ, ಅದರ ಮೇಲೆ ಗ್ರಾಮಫೋನಿನ ಹಾಗೆ ಒಂದು ಮುಳ್ಳು ಓಡಾಡುತ್ತದೆ. ಅದರ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡಾಡುವುದು ಏನೂ ಇಲ್ಲ. ಕೂತಲ್ಲೇ ಎಲ್ಲ ನೆನಪಿಟ್ಟುಕೊಂಡು ಕೇಳಿದ ತಕ್ಷಣ ಹೇಳುತ್ತದೆ. ಮನೆಗೊಬ್ಬರು ಇಂಥ ಅಜ್ಜಿ ಇರುತ್ತಿದ್ದರಲ್ಲ, ಹಾಗೆ. ಆದರೆ ಆ ತಿಂಗಳು ನಮ್ಮ ಮಿಕ್ಸಿಯ ಮೋಟಾರೂ ಸುಟ್ಟಿತ್ತು. ಪಿಂಚಣಿಯಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಜಾಗ. ತೀರ್ಪನ್ನು ಗಿರಿಜಾಳೇ ಕೊಟ್ಟಳು: "ಚಟ್ನಿ ರುಬ್ಬೋಕೆ ಒರಳಿದೆ. ನಿಮ್ಮ ಲೇಖನ ರುಬ್ಬೋಕೆ ಒರಳಿಲ್ಲ. ಅದನ್ನೇ ತಗೊಳ್ಳಿ. ಮಿಕ್ಸಿ ದುಡ್ಡು ದಾಟಬಾರದು, ಅಷ್ಟೇ."

ಹೀಗೆ ಮಿಕ್ಸಿಯ ಬೆಲೆಯೊಳಗೆ ಅತಿ ವೇಗದ ಎಸ್‌ಎಸ್‌ಡಿ ಹುಡುಕುವ ಕೆಲಸ ನನ್ನ ಮೇಲೆ ಬಿತ್ತು. ಸುದ್ದಿಮನೆಯ ಶಿಸ್ತಿನಲ್ಲೇ ಹೊರಟೆ. ಎರಡು ಮೂಲಗಳಿಂದ ಖಚಿತವಾಗದ ಯಾವುದನ್ನೂ ನಂಬುವಂತಿಲ್ಲ. ಮಗಳು ಕೊಡಿಸಿದ ಮೊಬೈಲಿನಲ್ಲಿ ಒಂದು ವೆಬ್‌ಸೈಟ್ ಓದಿದೆ, ಇನ್ನೊಂದು ಓದಿದೆ. ಎರಡೂ ಒಂದೇ ಎಸ್‌ಎಸ್‌ಡಿಯನ್ನು ಹೊಗಳಿದ್ದವು. ಖುಷಿಯಾಯಿತು. ಮತ್ತೆ ಓದಿದಾಗ ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಕಾಗುಣಿತ ತಪ್ಪು ಕಾಣಿಸಿತು. ಎರಡೂ ಕಂಪನಿಯ ಪತ್ರಿಕಾ ಪ್ರಕಟಣೆಯನ್ನು ಹಾಗೆಯೇ ಇಳಿಸಿದ್ದವು. ಈ ಕಲೆ ನನಗೆ ಹೊಸದಲ್ಲ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಚಿತ್ರದಲ್ಲಿದ್ದ ಪೊಟ್ಟಣದ ಮೇಲೆ ವೇಗದ ಅಂಕಿ ಕುಂಬಳಕಾಯಿಯಷ್ಟು ದಪ್ಪ, ಅದರ ಪಕ್ಕದಲ್ಲಿ 'ವರೆಗೆ' ಎಂಬ ಮಾತು ಸಾಸಿವೆಯಷ್ಟು. 'ವರೆಗೆ' ಎಂದರೆ ಅಷ್ಟು ಓಡಿದರೂ ಓಡಬಹುದು, ಓಡದೆಯೂ ಇರಬಹುದು ಎಂದರ್ಥ. ತಲೆಬರಹದಲ್ಲಿ ಜಾಗ ಸಾಲದೆ ನಾನು ಬದುಕಿಡೀ ಎಷ್ಟು 'ವರೆಗೆ', 'ಸುಮಾರು', 'ಸಾಧ್ಯತೆ'ಗಳನ್ನು ಕತ್ತರಿಸಿ ಹಾಕಿದ್ದೇನೋ. ಅವೆಲ್ಲ ಎಲ್ಲಿ ಹೋದವು ಎಂದುಕೊಂಡಿದ್ದೆ. ಪೊಟ್ಟಣ ಮಾಡುವವರು ಆರಿಸಿಕೊಂಡು ಸಣ್ಣ ಅಕ್ಷರದಲ್ಲಿ ಇಟ್ಟುಕೊಂಡಿದ್ದಾರೆ.

ಕಂಪ್ಯೂಟರು ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ನಾನು ತರಗುಪೇಟೆಯ ಮೇಲೆ ಹಾದು, ಕಲಾಸಿಪಾಳ್ಯದ ಗದ್ದಲ ದಾಟಿ ನಡೆದೇ ಹೋದೆ. ತರಗುಪೇಟೆಯ ಒಣಮೆಣಸಿನ ಘಾಟು ಈಗಲೂ ಮೂಗಿಗೆ ಹಳೆಯ ಪರಿಚಯದವರಂತೆ ಕೈಹಾಕುತ್ತದೆ. ನಮ್ಮಪ್ಪ ಮಾಗಡಿ ಕಡೆಯ ಬೇಸಾಯಗಾರ. ರಾಗಿ, ಹುರುಳಿ ತಂದು ಇಲ್ಲಿನ ಮಂಡಿಗಳಿಗೆ ಹಾಕುತ್ತಿದ್ದರು. ಅವರು ಕಲಿಸಿದ ಪಾಠ ಒಂದೇ: ಮೂಟೆಯ ಬಾಯಲ್ಲಿರುವ ಕಾಳನ್ನು ನೋಡಿ ಬೆಲೆ ಕಟ್ಟಬೇಡ, ಮೊಣಕೈವರೆಗೆ ಕೈ ಇಳಿಸಿ ಅಡಿಯದನ್ನು ತೆಗೆದು ಕಚ್ಚಿ ನೋಡು. ಬಾಯಿಯಲ್ಲಿ ಎಲ್ಲರದ್ದೂ ದಪ್ಪ ಕಾಳೇ.

ಎಸ್‌ಎಸ್‌ಡಿಗೂ ಹೀಗೊಂದು ಮೂಟೆಯ ಬಾಯಿ ಇದೆ ಎಂದು ನಾನು ಓದಿ ತಿಳಿದಿದ್ದೆ. ಅಗ್ಗದ ಮಾಲಿನಲ್ಲಿ ಮೊದಲ ಸ್ವಲ್ಪ ಭಾಗ ಮಾತ್ರ ಭರ್ಜರಿ ವೇಗ. ದೊಡ್ಡ ಕಡತ ಸುರಿದರೆ ಆ ಭಾಗ ತುಂಬಿಹೋಗಿ, ಉಳಿದದ್ದು ಸಂತೆ ಮುಗಿದ ಮೇಲಿನ ಎತ್ತಿನ ಗಾಡಿ. ಅಂಗಡಿಯವನನ್ನು ಕೇಳಿದೆ: "ಇದರ ಅಡಿ ಹೇಗಿದೆಯಪ್ಪಾ?"

ಅವನು ಪೊಟ್ಟಣ ತಿರುಗಿಸಿ ತಳ ತೋರಿಸಿದ. ವಿವರಿಸಿ ಹೇಳಿದ ಮೇಲೆ ನಕ್ಕ. "ಅಂಕಲ್, ನೀವು ಸಿನಿಮಾ ಎಡಿಟಿಂಗ್ ಮಾಡ್ತೀರಾ?"

"ಇಲ್ಲಪ್ಪ. ಅಂಕಣ ಬರೀತೀನಿ."

"ಹಂಗಾದ್ರೆ ನೀವು ಅಡಿ ಮುಟ್ಟೋದೇ ಇಲ್ಲ, ಬಿಡಿ."

ಮನೆಗೆ ಫೋನ್ ಮಾಡಿ, ಒಂದಕ್ಕೆ ಮೂರು ವರ್ಷ ವಾರಂಟಿ, ಇನ್ನೊಂದಕ್ಕೆ ಐದು, ಬೆಲೆ ಸ್ವಲ್ಪ ಜಾಸ್ತಿ ಎಂದೆ. "ಐದರದ್ದೇ ತನ್ನಿ," ಎಂದಳು ಗಿರಿಜಾ. "ಮೂರು ವರ್ಷ ಅಂದ್ರೆ ಯಾಕೋ ಡಾಕ್ಟರು ಹೇಳಿದಂಗಿರುತ್ತೆ."

ಅದನ್ನೇ ಕೊಂಡು ತಂದೆ. ಚೂಯಿಂಗ್ ಗಮ್ ಪಟ್ಟಿಯಷ್ಟು ಉದ್ದ, ಅಷ್ಟೇ ತೂಕ. ಕುಂಬಳಕಾಯಿ ಅಂಕಿಯ, ಹೊಸ ನಮೂನೆಯ, ಮಿಕ್ಸಿಯ ಬೆಲೆಗೆ ಸರಿಯಾಗಿ ಕೂತ ಮಾಲು. ನಾನೇ ಹಾಕುತ್ತೇನೆಂದು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದೆ. ಗಿರಿಜಾ ಟಾರ್ಚ್ ಹಿಡಿದಳು. ಒಳಗೆ ವರ್ಷಗಳ ದೂಳು ಕಂಬಳಿಯ ಹಾಗೆ ಹಾಸಿತ್ತು. ಒರೆಸಿ, ಊದಿ, ಹುಡುಕಿದೆ. ಅವಳೂ ಬಗ್ಗಿ ನೋಡಿ, "ಇದನ್ನ ಇಲ್ಲಿ ಎಲ್ಲಿಗ್ರೀ ಸಿಗಿಸೋದು?" ಎಂದಳು.

ಎಲ್ಲಿಗೂ ಇಲ್ಲ. ನನ್ನ ಹಳೆಯ ಕಂಪ್ಯೂಟರಿನಲ್ಲಿ ಆ ಹೊಸ ನಮೂನೆಯ ಪಟ್ಟಿ ಕೂರುವ ಜಾಗವೇ ಇರಲಿಲ್ಲ. ಏನು, ಯಾರು, ಎಷ್ಟು, ಯಾಕೆ ಎಲ್ಲ ಕೇಳಿದ್ದೆ. 'ಎಲ್ಲಿ' ಎಂಬುದನ್ನು ಮಾತ್ರ ಕೇಳಿರಲಿಲ್ಲ. ಜಗತ್ತಿನ ಎಸ್‌ಎಸ್‌ಡಿಗಳ ವರದಿಯನ್ನೆಲ್ಲ ಪರಿಶೀಲಿಸಿದವನು ಮನೆಯ ಸುದ್ದಿಯನ್ನು ನೋಡಿರಲಿಲ್ಲ. ಗಿರಿಜಾ ಟಾರ್ಚ್ ಆರಿಸುತ್ತ, "ಹಳೇ ಅಭ್ಯಾಸ" ಎಂದಳು. ಅಷ್ಟೇ.

ಮರುದಿನ ಪೆಟ್ಟಿಗೆಯನ್ನೇ ಆಟೋದಲ್ಲಿ ಇಟ್ಟುಕೊಂಡು ಹೋದೆ. ಅಂಗಡಿಯವನು ಬೇಸರವಿಲ್ಲದೆ ಬದಲಿಸಿಕೊಟ್ಟ. ಈ ಸಲದ್ದು ಹಳೆಯ ನಮೂನೆಯದು, ಅಂಗೈ ಅಗಲದ ಚಪ್ಪಟೆ ಡಬ್ಬಿ. ಇದರ ಅಂಕಿ ಮೊದಲಿನದರ ಮುಂದೆ ನಿಂಬೆಹಣ್ಣು. ಆದರೆ ನನ್ನ ಕಂಪ್ಯೂಟರು ಅದಕ್ಕಿಂತ ಹೆಚ್ಚು ವೇಗವನ್ನು ನುಂಗಲಾರದು. ವಾರಂಟಿ ಐದೇ ವರ್ಷ. ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಇದಕ್ಕೆ ಇಳಿಸಿಯೂ ಕೊಟ್ಟ.

ಮಾರನೆಯ ಬೆಳಿಗ್ಗೆ ಗುಂಡಿ ಒತ್ತಿ ಕನ್ನಡಕ ಹಾಕಿಕೊಂಡೆ. ತಲೆ ಎತ್ತಿದರೆ ಕಂಪ್ಯೂಟರು ಸಿದ್ಧವಾಗಿ ನಿಂತಿತ್ತು. ನಿಟ್ಟುಸಿರಿಲ್ಲ, ಅಡಿಕೆ ಕತ್ತರಿಸುವ ಸದ್ದಿಲ್ಲ, ಚಕ್ರ ಕಂಡಿತೋ ಇಲ್ಲವೋ. ಕಣ್ಣೆದುರು ಖಾಲಿ ಪುಟ ತೆರೆದುಕೊಂಡರೆ ಸುದ್ದಿಮನೆಯವನ ಬೆರಳು ಸುಮ್ಮನಿರುವುದಿಲ್ಲ. ಗಿರಿಜಾ ಕಾಫಿ ತಂದಾಗ ನಾನು ಎರಡನೆಯ ಪ್ಯಾರಾದಲ್ಲಿದ್ದೆ. ಅವಳು ಒಂದು ಲೋಟವನ್ನು ಕೀಬೋರ್ಡಿನ ಪಕ್ಕ ಇಟ್ಟು, ಇನ್ನೊಂದನ್ನು ಹಿಡಿದು ಬಾಲ್ಕನಿಗೆ ಹೋದಳು. ಮರುದಿನವೂ ಹಾಗೆಯೇ. ಆ ವಾರದ ಅಂಕಣ ಹೊತ್ತಿಗೆ ಮೊದಲೇ ಮುಟ್ಟಿತು. ಶ್ರೀಧರ, "ಸೂಪರ್ ಸಾರ್, ಗೊಜ್ಜಿನವರಿಗೆ ಇನ್ನು ಚಾನ್ಸೇ ಇಲ್ಲ" ಎಂದ.

ವಾರ ಕಳೆಯುವಷ್ಟರಲ್ಲಿ ಗಮನಿಸಿದೆ. ಪೇಪರು ಈಗ ಮಡಿಕೆ ಬಿಚ್ಚದೆ ಟೀಪಾಯಿಯ ಮೇಲೆ ಇರುತ್ತಿತ್ತು. ಯಾವ ಸಚಿವರನ್ನು ಯಾರು ಉದ್ಘಾಟಿಸಿದರೋ ನನಗೆ ತಿಳಿಯಲಿಲ್ಲ. ಒಂದು ವಾಕ್ಯ ಮುಗಿಸಿ ತಲೆ ತಿರುಗಿಸಿದರೆ ಪಕ್ಕದಲ್ಲಿ ಬೀರು. ಇಷ್ಟು ವರ್ಷ ಅದರಿಂದ ಪಂಚೆ, ಶರ್ಟು ತೆಗೆದುಕೊಂಡಿದ್ದೇನೆ. ಆದರೆ ನನ್ನ ಮಟ್ಟಿಗೆ ಅದು ಇನ್ನೂ ಮೆಟ್ಟಿಲಿನ ತಿರುವಿನಲ್ಲೇ ಸಿಕ್ಕಿಕೊಂಡಿತ್ತು. ಮಗುವನ್ನೆತ್ತಿಕೊಂಡು ಒಬ್ಬ ಹೆಂಗಸು ಮೇಲಿನ ಮೆಟ್ಟಿಲಲ್ಲಿ ನಿಂತೇ ಇದ್ದಳು.

ಹಿಂದೆ ಮದುವೆ ಮನೆಗಳಲ್ಲಿ ಮುಹೂರ್ತ ನೋಡಲು ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಹನಿಹನಿಯಾಗಿ ನೀರು ತುಂಬಿ ಅದು ಮುಳುಗುವ ಹೊತ್ತಿಗೆ ಒಂದು ಗಳಿಗೆ. ಈಗಿನ ಲೆಕ್ಕದಲ್ಲಿ ಇಪ್ಪತ್ನಾಲ್ಕು ನಿಮಿಷ. ಯಾವ ದೊಡ್ಡ ಮನುಷ್ಯ ಬಂದರೂ ಬಟ್ಟಲು ಅವಸರ ಮಾಡುತ್ತಿರಲಿಲ್ಲವಂತೆ. ಇದನ್ನು ಯೋಚಿಸುತ್ತ ಒಂದು ಬೆಳಿಗ್ಗೆ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಗಿರಿಜಾ ಹಿತ್ತಾಳೆಯ ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದು ಮುಚ್ಚಿದಳು. ಮೇಲಿನ ಪಾತ್ರೆಯ ಸಣ್ಣ ತೂತುಗಳಿಂದ ಡಿಕಾಕ್ಷನ್ ಹನಿಯತೊಡಗಿತು. ತಳದಲ್ಲಿ ತೂತಿರುವ ಪಾತ್ರೆ, ಅದರ ಪಾಡಿಗೆ ಅದು ಇಳಿಯುವ ನೀರು. ಇದಕ್ಕೆ ಎಸ್‌ಎಸ್‌ಡಿ ಹಾಕಿಸಲು ಬರುವುದಿಲ್ಲ.

"ಆ ಬೀರು ಕೊನೆಗೆ ಮೇಲೆ ಹೇಗೆ ಬಂತು?" ಎಂದು ಕೇಳಿದೆ.

ಅವಳು ತಿರುಗಿ ನೋಡಲಿಲ್ಲ. "ಹೋಗ್ರಿ, ನಿಮ್ಮ ಕಂಪ್ಯೂಟರು ಕಾಯ್ತಿರುತ್ತೆ."

"ಇನ್ನೂ ಆನ್ ಮಾಡಿಲ್ಲ."

"ಯಾಕೆ, ಕೆಟ್ಟೋಯ್ತಾ? ಐದು ವರ್ಷ ಅಂದ್ರಲ್ಲ."

"ಕೆಟ್ಟಿಲ್ಲ. ಡಿಕಾಕ್ಷನ್ ಇಳೀಲಿ ಅಂತ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಾಲ್ಕನಿಗೆ ಬಂದಳು. ಕುರ್ಚಿಯಲ್ಲಿ ಕೂತು, ಬೀದಿಯನ್ನೊಮ್ಮೆ ನೋಡಿ, ಬಿಟ್ಟ ಕಡೆಯಿಂದಲೇ ಎತ್ತಿಕೊಂಡಳು. ಲಾರಿಯವನು ಬೀರನ್ನು ಅಲ್ಲೇ ಬಿಟ್ಟು ಹೋಗುತ್ತೇನೆಂದನಂತೆ. ಅವಳು ಮಗುವನ್ನು ಬೀರಿನ ಮೇಲಿಂದ ಕೆಳಗಿನ ಮನೆಯವರ ಕೈಗೆ ದಾಟಿಸಿ, ತಾನೂ ಸಂದಿಯಲ್ಲಿ ನುಸುಳಿ ಇಳಿದು, ಕಲಾಸಿಪಾಳ್ಯಕ್ಕೆ ನಡೆದು, ತರಕಾರಿ ಮೂಟೆ ಇಳಿಸುವ ಹಮಾಲರನ್ನು ಹಗ್ಗದ ಸಮೇತ ಕರೆತಂದಳಂತೆ. ಬೀರನ್ನು ಹಿಂದಕ್ಕೆ ಎಳೆದು ಬೀದಿಗಿಳಿಸಿ, ಈಗ ನಾವು ಕೂತಿರುವ ಇದೇ ಬಾಲ್ಕನಿಗೆ ಹಗ್ಗ ಬಿಗಿದು, ಬಾವಿಯಿಂದ ಕೊಡ ಸೇದುವ ಹಾಗೆ ಸೇದಿದರಂತೆ. ಅರ್ಧಕ್ಕೆ ಬಂದಾಗ ಬೀರಿನ ಬಾಗಿಲು ತೆರೆದುಕೊಂಡು, ಒಳಗೆ ಸಿಕ್ಕಿಕೊಂಡಿದ್ದ ನನ್ನ ಪಂಚೆಯೊಂದು ಬೀದಿಯ ಮೇಲೆ ಬಾವುಟದಂತೆ ಹಾರಿತಂತೆ.

"ಬೀದಿಗೆ ಬೀದಿಯೇ ನಿಂತು ನೋಡ್ತು," ಎಂದಳು. "ಪೇಪರಿನವ್ರು ಮಾತ್ರ ಒಬ್ಬರೂ ಬಂದಿರ್ಲಿಲ್ಲ."

ಡಿಕಾಕ್ಷನ್ ಇಳಿದು ಎಷ್ಟೋ ಹೊತ್ತಾಗಿತ್ತು. ಅವಳು ಎದ್ದು ಕಾಫಿ ತಂದಳು, ಪೇಪರನ್ನೂ. ಈಗ ನಮ್ಮ ಮನೆಯಲ್ಲಿ ಲೋಟ ಖಾಲಿಯಾದ ಮೇಲೆಯೇ ಗುಂಡಿ ಒತ್ತುವುದು. ಮಿಕ್ಸಿಯ ದುಡ್ಡು ದಂಡವಾಯಿತೇ ಎಂದು ಯಾರಾದರೂ ಕೇಳಿದರೆ, ಇಲ್ಲ ಎನ್ನುತ್ತೇನೆ. ಮೊದಲು ನಾವು ಕಂಪ್ಯೂಟರಿಗಾಗಿ ಕಾಯುತ್ತಿದ್ದೆವು. ಅದಕ್ಕೆ ಇಂಥ ವೇಗ ಬಂದಿರುವುದರಿಂದ ಈಗ ಅದು ನಮಗಾಗಿ ಕಾಯುತ್ತದೆ.