ಬಿಗಿಯದೆ ಬಿಟ್ಟ ಸಿಂಬಿ

ಗಿರಿಜಾಳ ಸಿಂಬಿಯ ಕೊನೆಯನ್ನು ಬಿಗಿಯದೆ ಬಿಟ್ಟವಳು ನಾನು. ಮರೆತು ಅಲ್ಲ — ಗೊತ್ತಿದ್ದೇ. ಮರೆತೆ ಅಂತ ಇಪ್ಪತ್ತೆರಡು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಇನ್ನು ಆಗುವುದಿಲ್ಲ.

ಗಿರಿಜಾ ನನ್ನ ಗಂಡನ ತಂಗಿ. ನಾನು ಇಂಡಿಯಿಂದ ಇಂಗಳೇಶ್ವರಕ್ಕೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನೇಳು. ಸೂಜಿ ಬೇಡ, ಕಡ್ಡಿ ಬೇಡ — ಎಡಗೈಯ ನಾಲ್ಕು ಬೆರಳಿಗೆ ಉಣ್ಣೆ ನೂಲು ಸುತ್ತಿ, ಕೆಳಗಿನ ಎಳೆಯನ್ನು ಮೇಲಿನದರ ಮೇಲಿಂದ ದಾಟಿಸುತ್ತ ಹೋದರೆ ಅಂಗೈ ಹಿಂದಿನಿಂದ ಹುರಿ ಇಳಿಯುತ್ತಿತ್ತು. ಆ ಹುರಿಯಿಂದಲೇ ಗಡಿಗೆ ಇಡುವ ಸಿಂಬಿ, ಮೊಸರಿನ ನೆಲವು, ಬಾಗಿಲಿಗೆ ತೋರಣ. ಬಂದವರಿಗೆಲ್ಲ ಅತ್ತೆ ಅದನ್ನೇ ತೋರಿಸುವುದು, "ನಮ್ಮ ಗಿರಿಜಾನ ಕೈ ನೋಡ್ರಿ" ಅನ್ನುವುದು. ನಾನು ಬಡಿದ ರೊಟ್ಟಿಯನ್ನು ಯಾರೂ ನೋಡುತ್ತಿರಲಿಲ್ಲ, ಉಣ್ಣುತ್ತಿದ್ದರು ಅಷ್ಟೇ. ಹೊಟ್ಟೆಕಿಚ್ಚು — ಬೇರೆ ಹೆಸರಿಲ್ಲ ಅದಕ್ಕೆ. ಅದರ ಜೊತೆಗೆ ಇನ್ನೊಂದು: ಅವಳು ಮದುವೆಯಾಗಿ ಹೋದರೆ ಮನೆಯ ಅರ್ಧ ಕೆಲಸ ನನ್ನ ಬೆನ್ನಿಗೆ ಬೀಳುತ್ತಿತ್ತು.

ಮೋರಟಗಿಯಿಂದ ಬೀಗರು ನೋಡಲು ಬರುವವರಿದ್ದರು. ಹುಡುಗ ಶಾಲಾ ಮಾಸ್ತರ. ಮದುವೆ ಆದಮೇಲೂ ಓದಿಸುತ್ತೇವೆ ಅಂತ ಹೇಳಿ ಕಳಿಸಿದ್ದರು. ಗಿರಿಜಾ ಅವನ ಫೋಟೋವನ್ನು ಪುಸ್ತಕದಲ್ಲಿಟ್ಟುಕೊಂಡು, ದಿನಕ್ಕೆ ನಾಲ್ಕು ಸಲ ತೆಗೆದು ನೋಡಿ, ನನ್ನನ್ನು ಕಂಡರೆ ಮುಚ್ಚಿಬಿಡುತ್ತಿದ್ದಳು. ನಾನು ಚೇಷ್ಟೆ ಮಾಡುತ್ತಿದ್ದೆ — ಹೌದು, ನಗುನಗುತ್ತಲೇ.

ನಮ್ಮ ಕಡೆ ಹೆಣ್ಣು ನೋಡಲು ಬಂದಾಗ ಅವಳ ಕೈಕೆಲಸವನ್ನು ಚಾಪೆಯ ಮೇಲೆ ಹರಡಿ ಇಡುತ್ತಿದ್ದರು. ಬೀಗರ ಹಿರಿಯ ಹೆಂಗಸು ಒಂದೊಂದನ್ನೇ ಎತ್ತಿ, ಜಗ್ಗಿ ನೋಡುತ್ತಿದ್ದಳು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹೊಸ ಸಿಂಬಿಯೇ ಇರಲಿ ಅಂತ ಗಿರಿಜಾ ಆ ಮುಂಜಾನೆಯೂ ಹೆಣೆಯುತ್ತ ಕೂತಿದ್ದಳು — ಎಲ್ಲಿಯೂ ಹೊಲಿಗೆ ಇಲ್ಲದ, ಒಂದೇ ಹುರಿಯನ್ನು ಸುತ್ತಿ ಸುತ್ತಿ ಮಾಡಿದ್ದು. ಅತ್ತೆ ಸೀರೆ ಉಡಿಸಲು ಕರೆದರು. ಅವಳು ತನ್ನ ಬೆರಳಲ್ಲಿದ್ದ ನಾಲ್ಕು ಎಳೆಗಳನ್ನು ಹಾಗೇ ನನ್ನ ಬೆರಳಿಗೆ ದಾಟಿಸಿದಳು.

"ವೈನೀ, ಕೊನಿ ಒಂದ ಬಿಗದ ಇಡ್ರಿ. ಮರೀಬ್ಯಾಡ್ರಿ."

ಬಿಗಿಯುವುದೆಂದರೆ ಏನು — ನೂಲಿನ ತುದಿಯನ್ನು ಆ ನಾಲ್ಕು ಎಳೆಗಳೊಳಗೆ ತೂರಿಸಿ ಎಳೆಯಬೇಕು, ಅಷ್ಟೇ. ಒಂದು ಗಳಿಗೆಯ ಕೆಲಸ. ನಾನು ಬೆರಳು ಹೊರಗೆ ತೆಗೆದು, ತುದಿಯನ್ನು ಸಿಂಬಿಯ ಅಡಿಗೆ ಸಿಕ್ಕಿಸಿ, ಚಾಪೆಯ ಮೇಲೆ ಚೆಂದವಾಗಿ ಇಟ್ಟೆ. ಆಮೇಲೆ ಚಹಾಕ್ಕೆ ಇಟ್ಟೆ.

ಹುಡುಗನ ಅಜ್ಜಿ ಅದನ್ನೇ ಎತ್ತಿದಳು. ತುದಿ ಹಿಡಿದು ಜಗ್ಗಿದಳು. ಹುರಿ ಸರ್ರನೆ ಬಿಚ್ಚುತ್ತ ಹೋಯಿತು — ಅಜ್ಜಿ ನಿಲ್ಲಿಸಲಿಲ್ಲ, ಎಳೆಯುತ್ತಲೇ ಇದ್ದಳು. ಕೊನೆಗೆ ಅವಳ ಮಡಿಲಲ್ಲಿ ಬರೀ ಗುಂಗುರು ನೂಲು. ಅವಳಿಗೆ ಸಿಟ್ಟೇನೂ ಬಂದಂತಿರಲಿಲ್ಲ.

"ಇದನ್ನ ಮಾಡಿದಾಕಿ ಬ್ಯಾರೆ ಅದಾಳ ಬಿಡ್ರಿ. ತನ್ನ ಕೈಲೆ ಹೆಣದಾಕಿ ಕೊನಿ ಬಿಗೀದ ಬಿಡಂಗಿಲ್ಲ. ಇಷ್ಟಕ್ಕ ಸುಳ್ಳ ಹೇಳಾಕಿ, ನಾಳೆ ಮನಿ ಏನ ನಡಸ್ತಾಳ?"

ಗಿರಿಜಾ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ — ವೈನಿ ಈಗ ಹೇಳುತ್ತಾಳೆ ಎಂಬ ನಂಬಿಕೆಯಿಂದ. ನಾನು ಚಹಾದ ತಾಟು ಹಿಡಿದು ನಿಂತಿದ್ದೆ. ಅದು ನನ್ನ ತಪ್ಪು ಅನ್ನಬೇಕಿತ್ತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ; ಆಡದೆ ಇದ್ದದ್ದರಿಂದ ಹೋದದ್ದಕ್ಕೆ ಏನನ್ನುತ್ತಾರೋ —

ಬೀಗರು ಚಹಾ ಕುಡಿಯದೆ ಎದ್ದರು. ಸುಳ್ಳು ಹೇಳುವ ಹುಡುಗಿ ಎಂಬ ಮಾತು ಸಿಂದಗಿ ದಾಟಿ ನಮ್ಮ ನೆಂಟರಲ್ಲೆಲ್ಲ ಹಬ್ಬಿತು. ಎರಡು ವರ್ಷದ ಮೇಲೆ ನಿಡಗುಂದಿಗೆ, ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನಿಗೆ ಕೊಟ್ಟರು. ಓದು ಅಲ್ಲಿಗೇ ಮುಗಿಯಿತು. ಆ ದಿನದಿಂದ ಅವಳು ನೂಲು ಮುಟ್ಟಲಿಲ್ಲ. ನನ್ನ ಮೇಲೆ ಒಂದು ದಿನವೂ ದನಿ ಏರಿಸಲಿಲ್ಲ. ಹಬ್ಬಕ್ಕೆ ಬಂದರೆ ನನ್ನ ಜೊತೆಗೇ ಉಣ್ಣುತ್ತಾಳೆ.

ಮೊನ್ನೆ ಅವಳ ಮಗಳು ರಜೆಗೆ ಬಂದಿದ್ದಳು. ಮೊಬೈಲು ನೋಡಿ ನೋಡಿ ಬೆರಳ ಮೇಲೆ ಹುರಿ ಹೆಣೆಯುವುದನ್ನು ಕಲಿತಿದ್ದಾಳೆ. ಕೈಯನ್ನು ನನ್ನ ಮುಂದೆ ಚಾಚಿದಳು. "ಮಾಮಿ, ಕೊನಿ ಹೆಂಗ ಹಾಕೂದು? ಅವ್ವನ ಕೇಳಿದ್ನಿ. ತನಗ ಬರಂಗಿಲ್ಲ, ಮಾಮೀನ ಕೇಳು ಅಂದ್ಲು."

ನಾನು ತೋರಿಸಿಕೊಟ್ಟೆ. ತುದಿಯನ್ನು ನಾಲ್ಕು ಎಳೆಗಳೊಳಗೆ ತೂರಿಸಿ ಎಳೆದೆ.

ಇವತ್ತು ಮುಂಜಾನೆ ಅತ್ತೆಯ ಎದುರು ಕೂತು ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಜೋಳ ಹಸನು ಮಾಡುತ್ತಿದ್ದ ಕೈ ನಿಂತಿತು.

"ಆವತ್ತ ಅವರು ಹ್ವಾದ ಮ್ಯಾಲ ಆಕೀನ್ನ ಹಿತ್ತಲದಾಗ ಬಡದ್ನಿ," ಅಂದರು. "ಅಳಕೋಂತ ಹೇಳಿದ್ಲು — ವೈನಿ ಕಡೆ ಕೊಟ್ಟಿದ್ನೆವ್ವಾ ಅಂತ. ಮನಿ ಸೊಸಿ ಮ್ಯಾಲ ಹಾಕ್ತಿ ಏನ ಅಂತ... ಇನ್ನೆರಡ ಹೆಚ್ಚಿಗಿ ಬಡದ್ನಿ."

ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಂದೇ ಬಾಯಿಬಿಡುತ್ತಿದ್ದೆ ಅಂತ ಬರೆಯಲು ಹೊರಟಿದ್ದೆ — ಅದೂ ಸುಳ್ಳೇ ಇರಬಹುದು.

ಅತ್ತೆ ಬೇರೆ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಾರೆ. ಬಸ್ಸಿಗೆ ಇನ್ನೂ ಹೊತ್ತಿದೆ. ಇಬ್ಬರೂ ನಿಡಗುಂದಿಗೆ ಹೊರಟಿದ್ದೇವೆ. ಗಿರಿಜಾಳ ಬಾಗಿಲಲ್ಲಿ ನಿಂತು ಮೊದಲು ಯಾರು ಮಾತಾಡಬೇಕೆಂದು ನಮಗೆ ತಿಳಿಯುತ್ತಿಲ್ಲ. ಅವಳು ಬಾಗಿಲು ಹಾಕಿಕೊಂಡರೆ ತಾಳಬಲ್ಲೆ. ಆದರೆ ಅವಳು ಹಾಗೆ ಮಾಡುವವಳಲ್ಲ — ನೀರಿನ ತಂಬಿಗೆ ತಂದುಕೊಟ್ಟು, ಊಟ ಮಾಡಿ ಬಂದಿರೇನು ಅಂತ ಕೇಳುತ್ತಾಳೆ.